ಮೀನಿನ ‘ಸೊಗಡು’ ಒಳ್ಳೇದೋ ಕೆಟ್ಟದ್ದೋ? ಜೊತೆಗೆ ‘ಮ್ಯಾರಿನೇಟ್’ಗೆ ನಿಮ್ಮ ಕಡೆ ಏನಂತೀರಿ?

ಎಲ್ರಿಗೂ ಹಾಸನದಿಂದ ನಮಸ್ಕಾರ. ಪದದ ವಿಷ್ಯನೇ, ಆದ್ರೆ ಶುರುವಾಗಿದ್ದು ಅಡಿಗೆ ಮನೇಲಿ, ಸ್ವಲ್ಪ ಉದ್ದ ಆಯ್ತು ಅಂತ ಬೇಜಾರ್ ಮಾಡ್ಕೋಬೇಡಿ.

ಮಗಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಇಬ್ರು ಫ್ರೆಂಡ್ಸ್ ಜೊತೆ ಮನೆ ಮಾಡ್ಕೊಂಡವ್ಳೆ. ಹೋದ ವಾರ ಫೋನ್ ಮಾಡಿ, ಅಪ್ಪ, ಅಜ್ಜಿ ಮಾಡೋ ಮೀನ್ ಸಾರು ಹೆಂಗೆ ಅಂತ ಬರೆದು ಕಳ್ಸು ಅಂದ್ಲು. ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವರು ಹೇಳಿದ್ದನ್ನ ಹೇಳ್ದಂಗೇ ವಾಟ್ಸಾಪಲ್ಲಿ ಟೈಪ್ ಮಾಡ್ತಾ ಹೋದೆ. ‘ಕಲ್ಲುಪ್ಪು ಅರಿಶಿನ ಹಾಕಿ ಉಜ್ಜಿ, ಸೊಗಡು ಹೋಗೋ ತನಕ ಮೂರ್ನಾಕು ನೀರಲ್ಲಿ ತೊಳಿ’ ಅಂತ ಬರೆದ್ನಲ್ಲ, ಅಲ್ಲಿಗೆ ನಿಂತೋಯ್ತು. ‘ಅಪ್ಪ, ಸೊಗಡು ಅಂದ್ರೆ ಒಳ್ಳೇದಲ್ವಾ, ಅದನ್ಯಾಕೆ ತೊಳೆದು ಕಳೀಬೇಕು?’ ಅಂತ ಅವಳ ಮೆಸೇಜು.

ಅವಳು ಕೇಳಿದ್ದು ತಪ್ಪೇನಲ್ಲ. ಅವಳು ಓದಿರೋ ಕನ್ನಡದಲ್ಲಿ ಸೊಗಡು ಅಂದ್ರೆ ‘ಹಳ್ಳಿ ಸೊಗಡು’, ‘ದೇಸಿ ಸೊಗಡು’, ‘ಮಲೆನಾಡಿನ ಸೊಗಡು’. ಪೇಪರ್‌ನೋರು ಯಾವ ಹೊಸ ಹೋಟೆಲ್ ಬಗ್ಗೆ ಬರೆದ್ರೂ ಯಾವ ನಾಟಕದ ಬಗ್ಗೆ ಬರೆದ್ರೂ ಒಂದು ಸಲ ಈ ಪದ ಉದುರಿಸದೆ ಬಿಡಲ್ಲ, ಅದು ನಂಗೆ ಸಾಕಾಗೋಗಿದೆ ಬಿಡಿ. ನಮ್ಮೂರ ಸಂತೇಲಿ ಕೇಳೋ ಸೊಗಡು ಬೇರೆ, ಅದು ಅವರೆಕಾಯಿದು. ಚಳಿಗಾಲದಲ್ಲಿ ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ ಅಂತಾರೆ, ಸುಲಿದ್ರೆ ಬೆರಳಿಗೆ ಅಂಟಂಟಾಗಿ ಮೆತ್ಕೊಂಡು ಸಂಜೆ ತನಕ ಘಮ ಹೋಗಲ್ಲ, ಕೊಳ್ಳೋರು ಮೊದಲು ಮೂಸಿ ನೋಡೇ ರೇಟು ಕೇಳೋದು. ಸೊಗಡಿಲ್ಲದ ಅವರೆ ನಮ್ಮಲ್ಲಿ ಯಾರಿಗೂ ಬೇಡ. ಅದೇ ಬಾಯಲ್ಲಿ ಮೀನಿಗೆ ಬಂದಾಗ ‘ಸೊಗಡು ಹೊಡೀತದೆ’ ಅಂತ ಮೂಗು ಮುಚ್ಕೋತಾರೆ. ಅಮ್ಮನ್ನ ಕೇಳಿದ್ರೆ ‘ಅವರೆ ಸೊಗಡು ಬೇಕು, ಮೀನ್ ಸೊಗಡು ಬ್ಯಾಡ, ಅಷ್ಟೂ ತಿಳಿಯಕ್ಕಿಲ್ವೇನ್ಲಾ’ ಅಂದ್ರು. ಅರ್ಥ ಹೇಳು ಅಂದ್ರೆ ಹೇಳಕ್ಕೆ ಬರಲ್ಲ, ಬಳಸಕ್ಕೆ ಮಾತ್ರ ಚೆನ್ನಾಗಿ ಬರತ್ತೆ.

ನಂಗನ್ನಿಸೋದು, ಸೊಗಡು ಅನ್ನೋದು ಒಳ್ಳೇ ವಾಸನೆನೂ ಅಲ್ಲ ಕೆಟ್ಟ ವಾಸನೆನೂ ಅಲ್ಲ, ಆ ವಸ್ತುವಿಗೇ ಅಂಟ್ಕೊಂಡು ಹುಟ್ಟಿರೋ ಗಾಢವಾದ ವಾಸನೆ, ಕೈಗೆ ಹತ್ತೋದು, ಬೇಗ ಬಿಡದೇ ಇರೋದು. ಬೇಕೋ ಬೇಡ್ವೋ ಅನ್ನೋದನ್ನ ಅದರ ಹಿಂದಿರೋ ಪದ ಹೇಳತ್ತೆ, ಅವರೆನೋ ಮೀನೋ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕನ್ನಡದಲ್ಲಿ ಕೆಟ್ಟ ವಾಸನೆಗಳಿಗೆ ಪದಕ್ಕೇನೂ ಬರ ಇಲ್ಲ. ಹಳೇ ಎಣ್ಣೆಗೆ, ಕೊಬ್ಬರಿಗೆ ಕಮಟು. ಮಳೆಗಾಲದಲ್ಲಿ ಒಣಗದ ಬಟ್ಟೆಗೆ, ಅಕ್ಕಿಗೆ ಮುಗ್ಗಲು. ತಳ ಹಿಡಿದ್ರೆ ಸೀಕಲು. ಬೇಯದ ಮಸಾಲೆಗೆ ಹಸಿ ವಾಸನೆ. ಕೋಲಾರದ ಕಡೆಯೋರು ಮೀನು ಮೊಟ್ಟೆಗೆ ನೀಚು ವಾಸನೆ ಅಂತಾರೆ, ತೆಲುಗಿನ ನೀಸು ಅಲ್ಲಿಗೆ ಬಂದಿರೋದು. ಹಾಸನದಲ್ಲಿ ನಾನು ಕೇಳಿರೋದು ಎರಡೇ, ಕೆಟ್ಟ ಮೀನಿಗೆ ನಾತ, ಕೆಡದೇ ಇರೋ ಮೀನಿಗೆ ಸೊಗಡು. ಈ ವ್ಯತ್ಯಾಸ ಭಾರಿ ಮುಖ್ಯ. ನಾತ ಬಂದ್ರೆ ವಾಪಸ್ ಕೊಡ್ಬೇಕು, ಸೊಗಡಿದ್ರೆ ತೊಳ್ಕೊಂಡ್ರೆ ಆಯ್ತು. ಅಂಗಡೀಲಿ ‘ನಾತ ಐತಲ್ಲಪ್ಪ’ ಅಂದ್ರೆ ಜಗಳ ಗ್ಯಾರಂಟಿ, ‘ಸ್ವಲ್ಪ ಸೊಗಡು ಜಾಸ್ತಿ ಅಲ್ವಾ’ ಅಂದ್ರೆ ನಕ್ಕೊಂಡು ಹತ್ತು ರೂಪಾಯಿ ಬಿಡ್ತಾನೆ.

ನಾತದ ಕತೆನೂ ತಮಾಷೆ ಇದೆ. ಹಳಗನ್ನಡದ ನಱು ಅಂದ್ರೆ ಸುವಾಸನೆ, ‘ನಱುಗಂಪು’ ಅಂತ ಓದಿರ್ತೀರಿ. ಅದರ ಬಳಗದ್ದೇ ನಾರೋದು, ನಾತ ಈಗ ಎಲ್ಲಿಗೆ ಇಳಿದಿದೆ ನೋಡಿ. ತಮಿಳಲ್ಲೂ ಹಿಂಗೇ, ನಾಟ್ರಂ ಅನ್ನೋದು ಹಳೇ ಕಾಲದಲ್ಲಿ ಪರಿಮಳ, ಇವತ್ತು ದುರ್ವಾಸನೆ. ‘ವಾಸನೆ’ ಕೂಡ ಅದೇ ದಾರೀಲಿದೆ, ‘ನಿಮ್ಮ ಮನೇಲಿ ಏನೋ ವಾಸನೆ’ ಅಂದ್ರೆ ಯಾರಾದ್ರೂ ಖುಷಿ ಪಡ್ತಾರಾ? ಸೊಗಡು ಮಾತ್ರ ಉಲ್ಟಾ, ಪೇಪರ್‌ನೋರ ಕೈಲಿ ಮೇಲಕ್ಕೆ ಹೋಗ್ತಿದೆ. ಇನ್ನು ಮೂವತ್ತು ವರ್ಷಕ್ಕೆ ‘ಮೀನಿನ ಸೊಗಡು ಹೋಗ್ಲಿ’ ಅನ್ನೋ ಮಾತೇ ಯಾರಿಗೂ ಅರ್ಥ ಆಗ್ದಂಗೆ ಆಗತ್ತೇನೋ ಅಂತ ನನ್ನ ಸಂಕಟ.

ಮಗಳ ರೂಮ್‌ಮೇಟ್ ಒಬ್ಳು ಮಂಗಳೂರು ಕಡೆಯೋಳು. ಅವಳಿಗೆ ಮೀನು ಅಂದ್ರೆ ಬಂಗುಡೆ, ಬೂತಾಯಿ, ಕಾಣೆ, ಅಂಜಲ್. ನಮ್ಮ ಗೊರೂರು ಡ್ಯಾಮಿನ ಕಾಟ್ಲ, ರೋಹು, ಗೆಂಡೆ, ಜಿಲೇಬಿ ಎಲ್ಲ ‘ಕೆಸರು ವಾಸನೆ’ ಅಂತ ತಳ್ಳಿಹಾಕಿದ್ಳಂತೆ. ಆ ಹುಡುಗಿ ಹೇಳಿದ್ರಲ್ಲಿ ನಿಜ ಇದೆ, ಎರಡರ ಸೊಗಡೂ ಒಂದೇ ಅಲ್ಲ. ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಕೆಲಸ ಮಾಡಿ ಟ್ರೈಮೀಥೈಲಮೀನ್ ಅನ್ನೋದು ಹುಟ್ಟತ್ತೆ, ಮೀನು ಮಾರ್ಕೆಟ್ ಅಂದ ತಕ್ಷಣ ಮೂಗಿಗೆ ಬರೋದು ಅದು, ದಿನ ಕಳೆದಷ್ಟೂ ಜಾಸ್ತಿ. ಕೆರೆ ಮೀನಿನ ಕೆಸರು ವಾಸನೆಗೆ ಕಾರಣ ಜಿಯೋಸ್ಮಿನ್, ನೀರಲ್ಲಿರೋ ಒಂದು ಜಾತಿ ಪಾಚಿ, ಬ್ಯಾಕ್ಟೀರಿಯಾಗಳು ಮಾಡೋದು, ಜೀವ ಇದ್ದಾಗ್ಲೇ ಮೀನಿನ ಚರ್ಮಕ್ಕೆ ಕೊಬ್ಬಿಗೆ ಸೇರ್ಕೊಂಡಿರತ್ತೆ. ಅದಕ್ಕೇ ಜೀವಂತ ಮೀನು ತಂದ್ರೂ ನಿಂತ ನೀರಿಂದಾದ್ರೆ ಸೊಗಡು ಇದ್ದೇ ಇರತ್ತೆ, ಹರಿಯೋ ಹೊಳೆ ಮೀನಿಗೆ ಕಮ್ಮಿ. ನಂಗೆ ಖುಷಿ ಆಗಿದ್ದು ಇನ್ನೊಂದಕ್ಕೆ: ಮೊದಲ ಮಳೆ ಬಿದ್ದಾಗ ‘ಆಹಾ ಮಣ್ಣಿನ ಘಮ’ ಅಂತ ಕವಿತೆ ಬರೀತೀವಲ್ಲ, ಅದರಲ್ಲಿರೋದೂ ಇದೇ ಜಿಯೋಸ್ಮಿನ್. ಮಳೇಲಿ ಬಂದ್ರೆ ಘಮ, ಕಾಟ್ಲಾದಲ್ಲಿ ಬಂದ್ರೆ ಕೆಸರು ವಾಸನೆ. ಅಮ್ಮ ಹೇಳಿದ ಅವರೆ-ಮೀನಿನ ಲೆಕ್ಕಾಚಾರನೇ ಇದು, ಅಲ್ವಾ?

ಎರಡಕ್ಕೂ ಮದ್ದು ಹುಳಿ. ಹುಳಿ ಸೇರಿದ್ರೆ ಜಿಯೋಸ್ಮಿನ್ ಒಡೆದು ವಾಸನೆ ಕಳ್ಕೊಳತ್ತೆ, ಸಮುದ್ರದ ಮೀನಿನ ಆ ಟ್ರೈಮೀಥೈಲಮೀನ್ ಕೂಡ ಹುಳಿ ಜೊತೆ ಕಟ್ಕೊಂಡು ಮೂಗಿಗೆ ಏರಲ್ಲ. ನಮ್ಮಲ್ಲಿ ಹುಣಸೆಹಣ್ಣು, ಸಕಲೇಶಪುರ ಮೂಡಿಗೆರೆ ಕಡೆ ಒಣಗಿಸಿದ ವಾಟೆಹುಳಿ, ಉಪ್ಪಾಗೆ. ‘ಸೊಗಡು ಮುರಿಯೋಕೆ ಹುಳಿ’ ಅಂತಾರೆ ಅಮ್ಮ. ಮುರಿಯೋದು! ಕಳಿಯೋದು, ತೆಗಿಯೋದು ಅಲ್ಲ. ಪೂರ್ತಿ ಹೋದ್ರೆ ಅದೇನು ಮೀನಾ ಆಲೂಗಡ್ಡೆನಾ ಅಂತ ಬೇರೆ ಕೇಳ್ತಾರೆ. ಮಗಳಿಗೆ ‘ಹೋಗೋ ತನಕ’ ಅಂತ ಬರೆದಿದ್ದನ್ನ ‘ಮುರಿಯೋ ತನಕ’ ಅಂತ ತಿದ್ದಿ ಕಳ್ಸಿದೆ.

ಇನ್ನು ಆರಿಸೋ ಮಾತು. ಸ್ಕೂಲ್ ಪುಸ್ತಕದಲ್ಲಿ ಕಿವಿರು ಅಂತ ಓದಿದೀವಿ, ಅಂಗಡೀಲಿ ಯಾರೂ ಅನ್ನಲ್ಲ, ‘ಕಿವಿ ಎತ್ತಿ ತೋರ್ಸು’ ಅಂತಾರೆ. ಕಿವಿ ಕೆಂಪಗಿರ್ಬೇಕು, ಕಣ್ಣು ಗುಳಿ ಬಿದ್ದಿರಬಾರ್ದು, ಬೆರಳಲ್ಲಿ ಒತ್ತಿದ್ರೆ ಗುಂಡಿ ಉಳೀಬಾರ್ದು, ಇಷ್ಟೇ. ಮೀನಿಗೆ ಮೂಳೆ ಅನ್ನಬಾರ್ದು, ಮುಳ್ಳು ಅನ್ಬೇಕು, ಮಗಳು ಮೂಳೆ ಅಂತ ಟೈಪ್ ಮಾಡಿದ್ದು ನೋಡಿ ಅಮ್ಮ ಅರ್ಧ ಗಂಟೆ ನಕ್ರು. ಕ್ಲೀನ್ ಮಾಡುವಾಗ ಪಿತ್ತ ಒಡೀಬಾರ್ದು, ಒಡೆದ್ರೆ ಮೀನೆಲ್ಲ ಕಹಿ, ಆಗ ಹುಳಿನೂ ಕೆಲ್ಸಕ್ಕೆ ಬರಲ್ಲ.

ಅಂದಂಗೆ ಕರಿಮೀನು. ನಮ್ಮ ಕಡೆ ಕರ್ಮೀನು ಅಂದ್ರೆ ಉಪ್ಪು ಹಾಕಿ ಒಣಗ್ಸಿದ ಮೀನು, ಸಂತೇಲಿ ಗೋಣಿ ಮೇಲೆ ಹರಡ್ಕೊಂಡು ಮಾರೋದು. ಒಂದ್ಸಲ ಅಪ್ಪನ್ನ ಕೇರಳದೋರ ಹೋಟೆಲಿಗೆ ಕರ್ಕೊಂಡು ಹೋದಾಗ ಬೋರ್ಡಲ್ಲಿ ಕರಿಮೀನ್ ಫ್ರೈ ರೇಟು ನೋಡಿ ‘ಕರ್ಮೀನ್‌ಗೆ ಇಷ್ಟು ದುಡ್ಡಾ, ಸಂತೇಲಿ ಒಂದು ಚೀಲ ಬರ್ತದೆ’ ಅಂತ ಎದ್ದೇ ಬಿಟ್ರು. ಅದು ಹಿನ್ನೀರಿನ ಬೇರೆ ಮೀನು, 2010ರಲ್ಲಿ ಕೇರಳದ ರಾಜ್ಯ ಮೀನೇ ಆಗಿರೋದು ಅಂತ ವಿವರಿಸೋವಷ್ಟರಲ್ಲಿ ಅಪ್ಪ ಆಚೆ ಬೀಡಿ ಹಚ್ಚಿದ್ರು.

ಎರಡನೇ ಪ್ರಶ್ನೆ ಮ್ಯಾರಿನೇಟ್‌ದು. ಅಮ್ಮ ಹೇಳಿದ್ದು ‘ಉಪ್ಪು ಖಾರ ಸವರಿ ಇಪ್ಪತ್ತು ನಿಮಿಷ ಬಿಡು, ಹಿಡೀಲಿ’. ಯೂಟ್ಯೂಬಲ್ಲಿ ಎಲ್ರೂ ಮ್ಯಾರಿನೇಟ್ ಮಾಡಿ ಅಂತಾರೆ, ಕನ್ನಡದಲ್ಲಿ ಬರೆಯೋರು ‘ನೆನೆಸಿಡಿ’ ಅಂತಾರೆ. ನೆನೆಸೋದು ಅಂದ್ರೆ ನೀರಲ್ಲಿ ಮುಳುಗಿಸೋದು, ಕಡ್ಲೆ ನೆನೆಸ್ತೀವಿ, ಬಟ್ಟೆ ನೆನೆಸ್ತೀವಿ. ಮೀನಿಗೆ ಮಸಾಲೆ ಮೇಲೆ ಕೂತಿರತ್ತೆ ಅಷ್ಟೇ, ಉಪ್ಪು ನಿಧಾನಕ್ಕೆ ಒಳಗೆ ಇಳಿಯತ್ತೆ. ಸವರೋದು ನಮ್ಮ ಕೆಲಸ, ಹಿಡಿಯೋದು ಮೀನಿನ ಕೆಲಸ, ಹಂಗಾಗಿ ‘ಮಸಾಲೆ ಹಿಡಿಸೋದು’ ಅನ್ನೋದೇ ಸರಿಯಾದ ಪದ ಅಂತ ನನ್ನ ವಾದ. ಹೆಂಡ್ತಿ ಒಪ್ಪಲ್ಲ. ಹಿಡಿಸೋದು ಅಂದ್ರೆ ಇಷ್ಟ ಆಗೋದು ಅಲ್ವಾ, ‘ಮೀನಿಗೆ ಮಸಾಲೆ ಹಿಡಿಸ್ತು’ ಅಂದ್ರೆ ಮೀನೇ ರುಚಿ ನೋಡಿ ತಲೆ ಆಡಿಸಿದಂಗೆ ಇರತ್ತೆ ಅಂತ ರೇಗಿಸ್ತಾಳೆ. ಹೊಳೇಲಿ ಮೀನು ಹಿಡೀತೀವಿ, ಮೀನು ಮಸಾಲೆ ಹಿಡಿಯತ್ತೆ, ಸಾರು ತಳ ಹಿಡಿಯತ್ತೆ, ಕೊನೆಗೆ ನಮಗೆ ಹಿಡಿಸತ್ತೆ, ಒಂದೇ ಕ್ರಿಯಾಪದದಲ್ಲಿ ಇಡೀ ಅಡಿಗೆ ಮುಗೀತು. ಒಂದು ಎಚ್ಚರಿಕೆ, ಫ್ರೈಗೆ ನಿಂಬೆಹುಳಿ ಹಿಂಡಿ ಗಂಟೆಗಟ್ಟಲೆ ಬಿಟ್ರೆ ಹುಳಿಗೇ ಮಾಂಸ ಬೆಳ್ಳಗಾಗಿ ಮೆತ್ತಗಾಗತ್ತೆ, ಅದನ್ನ ಹಿಡಿಸಿದ್ದು ಅನ್ನಲ್ಲ, ಕೆಡಿಸಿದ್ದು ಅಂತಾರೆ.

ಹಂಗಾಗಿ ಕೇಳೋದಿಷ್ಟು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯೋರು ಮೀನಿಗೆ ಸೊಗಡು ಅಂತೀರಾ, ಬೇರೆ ಪದ ಇದೆಯಾ? ಮುಂಗಾರಿಗೆ ಗದ್ದೆಗೆ ಏರಿ ಬರೋ ಹತ್ತುಮೀನಿಗೂ ಅದೇ ಮಾತಾ, ಹೊಸ ನೀರಿನ ಮೀನಿಗೆ ಸೊಗಡೇ ಇರಲ್ಲ ಅಂತೀರಾ? ಕಡೂರು ತರೀಕೆರೆ ಕಡೆ ಏನು? ಮತ್ತೆ ಉಪ್ಪು ಖಾರ ಸವರಿ ಬಿಡೋದಕ್ಕೆ ನಿಮ್ಮ ಮನೆ ಹೆಂಗಸರು ಏನಂತಾರೆ, ಪುಸ್ತಕದ ಪದ ಬೇಡ, ಅಡಿಗೆ ಮನೇಲಿ ಕೇಳಿದ್ದೇ ಬರೀರಿ.

ಮಗಳು ಭಾನುವಾರ ಸಾರು ಮಾಡಿ ಫೋಟೋ ಕಳ್ಸಿದ್ಲು, ಸೌಟು ಆಡ್ಸಿ ಮೀನೆಲ್ಲ ಪುಡಿ ಮಾಡಿಟ್ಟವ್ಳೆ. ಪಾತ್ರೆ ಹಿಡಿದು ಕುಲುಕ್ಬೇಕು, ಸೌಟು ಹಾಕಬಾರ್ದು ಅಂತ ಬರೆಯೋದನ್ನ ನಾನೇ ಮರೆತಿದ್ದೆ.