ಪದಚರ್ಚೆ: ‘ನಿಂದ್ರಂಗಿಲ್ಲ’, ‘ನಿಂದ್ರವಲ್ದು’ – ಬರವಣಿಗೆಯಲ್ಲಿ ಈ ವ್ಯತ್ಯಾಸ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಪಿಯುಸಿ ಹುಡುಗರಿಗೆ ಕಂಪ್ಯೂಟರಿನಲ್ಲಿ ಲೋಲಕ, ಚೆಂಡು, ಸ್ಪ್ರಿಂಗು ಇಂಥವುಗಳ ಸಿಮ್ಯುಲೇಶನ್ ಮಾಡಿಸುತ್ತೇನೆ. ಏನು ಕೆಟ್ಟರೆ ಎಲ್ಲಿ ನೋಡಬೇಕು ಅಂತ ಅವರಿಗೊಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಪದ ತೀರ್ಮಾನವಾಗಬೇಕಿದೆ.

ನಮ್ಮ ಕಡೆ ‘ಆಗಂಗಿಲ್ಲ’ ಬೇರೆ, ‘ಆಗವಲ್ದು’ ಬೇರೆ. ಪ್ರಿಂಟರನ್ನೇ ತಗೊಳ್ಳಿ. ‘ಈ ಕಾಗದ ತಗೊಳ್ಳಂಗಿಲ್ಲ’ ಅಂದರೆ ಆ ಅಳತೆ ಅದಕ್ಕೆ ಹೊಂದುವುದೇ ಇಲ್ಲ. ‘ತಗೊಳ್ಳವಲ್ದು’ ಅಂದರೆ ಕರೆಂಟ್ ಇದೆ, ಕಾಗದ ಸರಿಯಾಗೇ ಇದೆ, ಬಂದ್ ಮಾಡಿ ಚಾಲೂ ಮಾಡಿದ್ದೂ ಆಯಿತು, ಆದರೂ ತಗೊಳ್ಳಬೇಕಾದದ್ದು ತಗೊಳ್ಳುತ್ತಿಲ್ಲ. ಮೊದಲನೆಯದಕ್ಕೆ ಬೇರೆ ಕಾಗದ ತರಬೇಕು, ಎರಡನೆಯದಕ್ಕೆ ರೋಲರ್ ಒರೆಸಿ ನೋಡಬೇಕು. ರಿಪೇರಿಗೆ ಕೂತವರಿಗೆ ಅರ್ಧ ಕೆಲಸ ಈ ಮಾತಲ್ಲೇ ಮುಗಿಯುತ್ತದೆ, ಅಲ್ವಾ?

ಸಿಮ್ಯುಲೇಶನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಘರ್ಷಣೆ ಸೊನ್ನೆ ಇಟ್ಟರೆ ಲೋಲಕ ‘ನಿಂದ್ರಂಗಿಲ್ಲ’ (ನಮ್ಮಲ್ಲಿ ‘ನಿಂದ್ರು’ ಅಂದರೆ ನಿಲ್ಲು), ಅದು ಭೌತಶಾಸ್ತ್ರದ ನಿಯಮ, ಯಾರೂ ಏನೂ ಸರಿಮಾಡಬೇಕಿಲ್ಲ. ಸ್ವಲ್ಪ ಘರ್ಷಣೆ ಕೊಟ್ಟ ಮೇಲೂ ತೂಗಾಟ ಕಡಿಮೆಯಾಗದೆ ಜಾಸ್ತಿಯಾಗುತ್ತಾ ಹೋದರೆ ಹುಡುಗರು ‘ಸರ್, ನಿಂದ್ರವಲ್ದ್ರಿ’ ಅನ್ನುತ್ತಾರೆ. ಅಲ್ಲಿ ತಪ್ಪು ಲೆಕ್ಕದ್ದು. ಕಂಪ್ಯೂಟರು ಕಾಲವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಕತ್ತರಿಸಿ, ಒಂದೊಂದು ಹೆಜ್ಜೆಗೂ ವೇಗ, ಜಾಗ ಲೆಕ್ಕಹಾಕುತ್ತದೆ. ಆಯ್ಲರ್‌ನ ಸರಳ ವಿಧಾನದಲ್ಲಿ ಹಳೆಯ ವೇಗದಿಂದಲೇ ಗುಂಡನ್ನು ಮುಂದಿನ ಜಾಗಕ್ಕೆ ಸರಿಸುತ್ತೇವೆ, ಹಾಗಾಗಿ ಪ್ರತಿ ಹೆಜ್ಜೆಗೂ ಚೂರು ಶಕ್ತಿ ಸುಮ್ನೆ ಸೇರಿಕೊಳ್ಳುತ್ತದೆ. 1 ಮೀಟರ್ ಉದ್ದದ ಲೋಲಕಕ್ಕೆ ಸೆಕೆಂಡಿಗೆ 60 ಹೆಜ್ಜೆ ಇಟ್ಟರೂ, ಘರ್ಷಣೆ ತೀರಾ ಕಡಿಮೆಯಿದ್ದರೆ ಆ ಹೆಚ್ಚುವರಿಯನ್ನು ಅದು ತಿಂದುಹಾಕಲಾರದು. ಹೊಸ ವೇಗವನ್ನು ಮೊದಲು ಲೆಕ್ಕಹಾಕಿ, ಆಮೇಲೆ ಆ ವೇಗದಿಂದಲೇ ಜಾಗ ಬದಲಿಸಿದರೆ ಸರಿಹೋಗುತ್ತದೆ. ಎರಡು ಸಾಲು ಹಿಂದುಮುಂದು ಮಾಡುವ ಕೆಲಸ, ಅಷ್ಟೇ. ಭೌತಶಾಸ್ತ್ರಜ್ಞ ಅಲನ್ ಕ್ರೋಮರ್ 1981ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಅನುಮಾನ ಬಂದಾಗ ಹೆಜ್ಜೆಯನ್ನು ಅರ್ಧಕ್ಕಿಳಿಸಿ ಓಡಿಸಿ. ನಡವಳಿಕೆಯೇ ಬದಲಾದರೆ ಅದು ‘ವಲ್ದು’ ಪೈಕಿ.

ನೆಲಕ್ಕೆ ಬಿದ್ದ ಚೆಂಡಿನದೂ ಇದೇ ಕಥೆ. ಅದೇ ಸೆಕೆಂಡಿಗೆ 60 ಹೆಜ್ಜೆಯ ಲೆಕ್ಕದಲ್ಲಿ ಗುರುತ್ವ ಪ್ರತಿ ಹೆಜ್ಜೆಗೂ ಸೆಕೆಂಡಿಗೆ 0.16 ಮೀಟರಿನಷ್ಟು ವೇಗ ಕೂಡಿಸುತ್ತದೆ, ನೆಲ ವಾಪಸ್ ತಳ್ಳುತ್ತದೆ, ಚೆಂಡು ಅದುರುತ್ತಲೇ ಇರುತ್ತದೆ. ತುಂಟ ಮಗುವಿಗೆ ಅಂದ ಹಾಗೆ ಅದಕ್ಕೂ ‘ಸುಮ್ನ ಕೂಡವಲ್ದು’ ಅನ್ನುತ್ತೇವೆ. ನೆಲಕ್ಕೆ ತಾಗಿದಾಗ ವೇಗ ತೀರಾ ಕಡಿಮೆಯಿದ್ದರೆ ಸೊನ್ನೆ ಮಾಡಿಬಿಡಿ, ಸುಮ್ನ ಕೂಡುತ್ತದೆ.

‘ವಲ್ದು’ ಬಂದದ್ದು ‘ಒಲ್ಲದು’ ಇಂದ. ‘ಚಾ ಒಲ್ಲೆ’ ಅನ್ನುವಾಗಿನ ಅದೇ ಒಲ್ಲೆ. ಯಂತ್ರಕ್ಕೆ ಎಲ್ಲಿಯ ಮನಸ್ಸು ಅಂತ ಒಬ್ಬ ಗೆಳೆಯರು ಆಕ್ಷೇಪ ಎತ್ತಿದರು. ನನಗೆ ಅದು ಒಪ್ಪಿಗೆಯಿಲ್ಲ. ‘ಮಳಿ ಬರವಲ್ದು’, ‘ಬಾಗಲಾ ತೆಗಿಯವಲ್ದು’ ಅನ್ನುವಾಗ ಮನಸ್ಸಿನ ಅರ್ಥ ಸವೆದುಹೋಗಿದೆ. ಆಗಬೇಕಿತ್ತು, ಆಗುತ್ತಿಲ್ಲ ಅನ್ನುವುದಷ್ಟೇ ಉಳಿದಿದೆ. ಕೈಪಿಡಿಗೆ ಬೇಕಾದದ್ದೂ ಅದೇ.

ಬರೆಯುವ ಕನ್ನಡದ ‘ನಿಲ್ಲುತ್ತಿಲ್ಲ’ ಎರಡಕ್ಕೂ ಆಗುತ್ತದೆ, ಹಾಗಾಗಿ ವ್ಯತ್ಯಾಸ ಅಳಿಸಿಹೋಗುತ್ತದೆ. ‘ನಿಲ್ಲಲೊಲ್ಲದು’ ಸರಿಯಾದ ರೂಪವೇ, ಆದರೆ ಹುಡುಗರಿಗೆ ಅದು ಹಳೆಗಾಲದ ಮಾತಿನಂತೆ ಕೇಳಿಸುತ್ತದೆ. ಮೈಸೂರು ಕಡೆಯ ‘ನಿಲ್ತಾನೇ ಇಲ್ಲ’ ಹತ್ತಿರ ಬರುತ್ತದೆ, ಅದರಲ್ಲಿ ಬೇಸರದ ದನಿ ಜಾಸ್ತಿ ಅಂತ ನನಗನಿಸುತ್ತದೆ. ‘ನಿಲ್ಲವಲ್ದು’ ಅಂತಲೇ ಅಚ್ಚುಹಾಕುವುದು ನನ್ನ ಒಲವು.

ಬೀದರ್, ಯಾದಗಿರಿಯವರು ಈ ಎರಡನ್ನೂ ಹೀಗೇ ಬೇರೆ ಮಾಡಿ ಆಡುತ್ತೀರಾ? ಮೈಸೂರು, ಮಂಗಳೂರು ಕಡೆಯವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ? ಮತ್ತೆ ಕಾಗುಣಿತ: ‘ವಲ್ದು’, ‘ಒಲ್ದು’, ‘ವಲ್ಲದು’ – ಯಾವುದನ್ನು ಇಟ್ಟುಕೊಳ್ಳಲಿ?