ಎಪ್ಲೇಯಲ್ಲಿ ಎಂಪಿ3 ಹಾಕಿದರೆ ಬರೀ ಗರಗರ

ಪ್ರಶ್ನೆ: ಉಬುಂಟು ಸರ್ವರ್, ಡೆಸ್ಕ್‌ಟಾಪ್ ಇಲ್ಲ. ಎಪ್ಲೇಯಲ್ಲಿ (aplay, ಟರ್ಮಿನಲ್‌ನಿಂದ ಧ್ವನಿ ನುಡಿಸುವ ಕಮಾಂಡ್) ವೇವ್ ಫೈಲ್ ಸರಿಯಾಗಿ ಬರುತ್ತೆ, ಎಂಪಿ3 ಕೊಟ್ಟರೆ ಕಿವಿ ತೂತಾಗುವಷ್ಟು ಗರಗರ. ಯಾಕೆ?

ಉತ್ತರ 1: ಎಪ್ಲೇಗೆ ಎಂಪಿ3 ಡಿಕೋಡ್ ಮಾಡೋಕೆ, ಅಂದರೆ ಬಿಡಿಸಿ ಧ್ವನಿಯಾಗಿಸೋಕೆ, ಬರಲ್ಲ. ಫೈಲಿನ ಶುರುವಿನಲ್ಲಿ ಅದರ ಬಗೆ ಹೇಳುವ ಹೆಡರ್ ಗುರುತು ಸಿಗದಿದ್ದರೆ ಇಡೀ ಫೈಲನ್ನು 8 ಬಿಟ್, 8000 ಹರ್ಟ್ಸ್, ಮೊನೊ ಕಚ್ಚಾ ಡೇಟಾ ಅಂದುಕೊಂಡು ನುಡಿಸಿಬಿಡುತ್ತೆ. ಶುರುವಿನಲ್ಲಿ ಅದು ತೋರಿಸುವ ಸಾಲಲ್ಲೇ ‘ರಾ ಡೇಟಾ’ ಅಂತ ಇರುತ್ತೆ, ನೋಡಿ. ಎಂಪಿಜಿ123 (mpg123) ಅನ್ನೋ ಎಂಪಿ3 ಪ್ಲೇಯರ್ ಹಾಕಿಕೊಳ್ಳಿ, ಹಗುರ.

ಉತ್ತರ 2: ಓಗ್, ಫ್ಲ್ಯಾಕ್ ಬಗೆಯ ಹಾಡಿನ ಫೈಲ್ ಕೂಡ ಬೇಕಿದ್ದರೆ ಎಫ್‌ಎಫ್‌ಪ್ಲೇ (ffplay) ಪ್ಲೇಯರ್ ಹಾಕಿ. ವಿಂಡೋ ತೆರೆಯದಂತೆ ತಡೆಯುವ ನೋಡಿಸ್ಪ್ (-nodisp) ಜೊತೆ ಆಟೋಎಕ್ಸಿಟ್ (-autoexit) ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ಹಾಡು ಮುಗಿದರೂ ಪ್ರಾಂಪ್ಟ್ ವಾಪಸ್ ಬರಲ್ಲ.

ಕೇಳಿದವರು: ಎಂಪಿಜಿ123 ನುಡಿಯಿತು. ಆದರೆ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್‌ನಲ್ಲಿ (ದೂರದ ಲಾಗಿನ್) ಬಂದರೆ ಸೌಂಡ್ ಡಿವೈಸೇ ತೆರೆಯಲ್ಲ.

ಉತ್ತರ 1: ಯಂತ್ರದ ಮುಂದೆಯೇ ಲಾಗಿನ್ ಆದವರಿಗೆ ಸೌಂಡ್ ಕಾರ್ಡ್ ಅನುಮತಿ ತಾನಾಗಿ ಸಿಗುತ್ತೆ, ದೂರದಿಂದ ಬಂದವರಿಗೆ ಇಲ್ಲ. ಯೂಸರ್‌ಮಾಡ್ (usermod -aG) ಕಮಾಂಡ್ ಬಳಸಿ ನಿಮ್ಮ ಖಾತೆಯನ್ನು ಆಡಿಯೋ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆಗಿ. ಚಿಕ್ಕ ‘ಎ’ ಬಿಟ್ಟು ಬರೀ ದೊಡ್ಡ ‘ಜಿ’ ಕೊಟ್ಟರೆ ಸೂಡೋ (ಅಡ್ಮಿನ್ ಅಧಿಕಾರದ ಗುಂಪು) ಸಮೇತ ಉಳಿದ ಗುಂಪುಗಳಿಂದೆಲ್ಲ ನಿಮ್ಮ ಖಾತೆ ಹೊರಬೀಳುತ್ತೆ, ಹುಷಾರು!