ಕಾಫಿ ಪಲ್ಪಿಂಗ್ ನೀರು ಹಳ್ಳ ಸೇರದಂತೆ ನೋಡಿಕೊಳ್ಳುವುದು ಹೇಗೆ?

ಮೂಡಿಗೆರೆ ಬೆಳೆಗಾರ:
ನಮ್ಮದು ಸಣ್ಣ ಅರೇಬಿಕಾ ಕಾಫಿ ತೋಟ. ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ (ಇದೇ ಪಲ್ಪಿಂಗ್), ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ (ತೆಳು ಹೊಟ್ಟಿನ ಸಮೇತ ಒಣಗಿದ ಬೀಜ) ಮಾಡುತ್ತೇವೆ. ನೀರು ನಿಲ್ಲಿಸಲು ಒಂದೇ ಹೊಂಡವಿದ್ದು, ಕೊಯ್ಲಿನ ಭರದಲ್ಲಿ ಅದು ತುಂಬಿ, ಹೇಮಾವತಿಗೆ ಸೇರುವ ಹಳ್ಳಕ್ಕೆ ಹರಿಯಬಹುದೆಂಬ ಆತಂಕ ಕಾಡುತ್ತಿದೆ. ಪಲ್ಪಿಂಗ್ ನಿಲ್ಲಿಸಿ ಎಲ್ಲವನ್ನೂ ಚೆರಿ ಮಾಡುವುದು, ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುವುದು, ಒಳ್ಳೆಯದೇ?

ಸಕಲೇಶಪುರ ತೋಟ:
ಅವಸರ ಮಾಡಬೇಡಿ ಸರ್. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಸಿಗುವ ಬೆಲೆ ಸಾಮಾನ್ಯವಾಗಿ ಚೆರಿಗೆ ಸಿಗುವುದಿಲ್ಲ. ಹೊಂಡ ದೊಡ್ಡದು ಮಾಡುವುದಕ್ಕಿಂತ ಮೊದಲು ನೀರಿನ ಬಳಕೆಯನ್ನು ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪಲ್ಪರ್‌ನಿಂದ ಬಂದ ನೀರನ್ನು ಜಾಲರಿಯಲ್ಲಿ ಸೋಸಿ, ಅದೇ ದಿನದ ಪಲ್ಪಿಂಗ್‌ಗೆ ಮತ್ತೆ ಬಳಸಿಕೊಳ್ಳಬಹುದು. ಕೊನೆಯ ತೊಳೆತಕ್ಕೆ ಮಾತ್ರ ಶುದ್ಧ ನೀರು ಸಾಕು. ಬೀಜಕ್ಕೆ ಅಂಟಿರುವ ಲೋಳೆಯಲ್ಲಿನ ಸಕ್ಕರೆ ನೀರಿಗೆ ಬೆರೆತರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಕೊಯ್ಲಿನ ಕಾಲಕ್ಕೆ ಸೊರಗಿರುವ ಹಳ್ಳದಲ್ಲಿ ಮೀನು ಸಾಯುವುದು ಇದರಿಂದಲೇ. ಪಲ್ಪಿಂಗ್ ನೀರು ಹುಳಿಯಾಗಿರುವುದರಿಂದ ಮೊದಲು ಸುಣ್ಣ ಬೆರೆಸಿ, ಆಮೇಲೆ ಗಾಳಿಯಾಡದ ಆಳವಾದ ಹೊಂಡದಲ್ಲಿ, ಅನಂತರ ಗಾಳಿಯಾಡುವ ಇನ್ನೊಂದು ಹೊಂಡದಲ್ಲಿ ಇಡಬೇಕು. ಹೊಂಡ ಬಾವಿಯಿಂದ ದೂರವಿರಲಿ. ತಳದಲ್ಲಿ ಇಂಗಿದ ನೀರು ಬಾವಿಗೂ ಬರುತ್ತದೆ.

ಕೊಡಗಿನ ರೊಬಸ್ಟಾ:
ಚೆರಿಗೆ ನೀರು ಬೇಡವೆಂಬುದು ನಿಜ, ಆದರೆ ಅದಕ್ಕೆ ಕಣ ಮತ್ತು ಬಿಸಿಲು ಬೇಕು. ಪಾರ್ಚ್‌ಮೆಂಟ್‌ಗಿಂತ ಹೆಚ್ಚು ದಿನ ಒಣಗಬೇಕಾದ ಹಣ್ಣಿನ ಮೇಲೆ ಅಕಾಲಿಕ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟುಗಳಿಂದ ಉಂಟಾಗುವ ಓಕ್ರಾಟಾಕ್ಸಿನ್ ಎಂಬ ವಿಷವನ್ನು ಹುರಿದರೂ ಪೂರ್ತಿ ತೆಗೆಯಲಾಗದು. ಹಗಲು ಆಗಾಗ್ಗೆ ಕೈಯಾಡಿಸಿ, ರಾತ್ರಿ ಮುಚ್ಚಿಡಲು ಆಳುಗಳು ಸಿಗುತ್ತಾರೆಯೇ ಎಂಬುದನ್ನೂ ಲೆಕ್ಕ ಹಾಕಿ. ರೊಬಸ್ಟಾ ಕಾಫಿಯ ಲೋಳೆ ದಪ್ಪವಾಗಿರುವುದರಿಂದ ನಾವು ಹುಳಿಯಲು ಬಿಡದೆ, ಲೋಳೆ ತೆಗೆಯುವ ಯಂತ್ರವನ್ನು ಬಳಸುತ್ತೇವೆ. ನೀರೂ ಸಮಯವೂ ಉಳಿಯುತ್ತವೆ. ಸಿಪ್ಪೆಯನ್ನು ನೀರಿನೊಂದಿಗೆ ಬಿಡದೆ, ಸಗಣಿ ಮತ್ತು ಸುಣ್ಣ ಬೆರೆಸಿ ರಾಶಿ ಹಾಕಿದರೆ ಪೊಟ್ಯಾಶ್ ಇರುವ ಒಳ್ಳೆಯ ಗೊಬ್ಬರವಾಗುತ್ತದೆ.

ಹಳ್ಳದ ಕೆಳಗಿನವರು:
ನಾವು ತೋಟದವರಲ್ಲ, ಗದ್ದೆಯವರು. ಒಂದು ವರ್ಷ ಮೇಲಿನ ತೋಟವೊಂದರ ಹೊಂಡ ಒಡೆದಾಗ ನೀರು ಕಪ್ಪಾಗಿ, ದನಗಳು ಮುಖವಿಡಲಿಲ್ಲ. ನೀವು ಹೊಂಡ ತುಂಬುವ ಮುನ್ನವೇ ಈ ಪ್ರಶ್ನೆ ಕೇಳುತ್ತಿರುವುದು ನಮಗೆ ಬಹಳ ಸಮಾಧಾನ ತಂದಿದೆ. ಪಲ್ಪಿಂಗ್ ಆರಂಭಿಸುವ ದಿನವನ್ನು ಕೆಳಗಿನವರಿಗೆ ಮೊದಲೇ ತಿಳಿಸಿದರೆ ನಾವೂ ಹಳ್ಳದ ಮೇಲೆ ಕಣ್ಣಿಡಬಹುದು.

ಮೂಡಿಗೆರೆ ಬೆಳೆಗಾರ:
ಎಲ್ಲರಿಗೂ ಕೃತಜ್ಞತೆಗಳು. ಪಲ್ಪಿಂಗ್ ಮುಂದುವರಿಸಿ, ನೀರಿನ ಮರುಬಳಕೆಗೆ ಜಾಲರಿ ಮತ್ತು ಎರಡನೆಯ ಹೊಂಡವನ್ನು ಕೊಯ್ಲಿಗೆ ಮುನ್ನವೇ ಮಾಡಿಸುತ್ತೇನೆ. ಸುಣ್ಣದ ಪ್ರಮಾಣವನ್ನು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಕೇಳಿ ಇಲ್ಲಿಯೇ ಬರೆಯುತ್ತೇನೆ.